ಫೈಲಿನಲ್ಲಿ ಬರೀ ‘ಥೈರಾಯ್ಡ್ ಇದೆ’ ಅಂತಿದ್ದರೆ ಸಾಲದು: ಬಸುರಿ, ಬಾಣಂತಿಯರು ದಾಖಲೆ ಸರಿ ಮಾಡಿಕೊಳ್ಳುವ ಬಗೆ

ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತಂಗಿ ಬೆಂಗಳೂರಿನಿಂದ ಉಡುಪಿಗೆ ಬಂದಳು. ಅವಳ ಆಸ್ಪತ್ರೆ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ತೊಟ್ಟೆಯಲ್ಲಿದ್ದವು. ಹೆರಿಗೆ ಚೆನ್ನಾಗಿಯೇ ಆಯಿತು. ಮೂರನೇ ದಿನ ಕೈಗೆ ಬಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಹೀಗಿತ್ತು: ‘ಕೆ/ಸಿ/ಓ ಹೈಪರ್‌ಥೈರಾಯ್ಡಿಸಂ, ಥೈರಾಕ್ಸಿನ್ 25 ಮೈಕ್ರೋಗ್ರಾಂ.’ ಯಾರೂ ಓದಲಿಲ್ಲ. ನಾನೂ ಓದಲಿಲ್ಲ. ಮಗುವಿಗೆ ಯಾರ ಮೂಗು ಬಂದಿದೆ ಅನ್ನುವ ಚರ್ಚೆಯಲ್ಲೇ ಎಲ್ಲರೂ ಮುಳುಗಿದ್ದೆವು.

ನಾಲ್ಕು ತಿಂಗಳಾದ ಮೇಲೆ ಓದಿದಾಗ ತಲೆ ಕೆರೆದುಕೊಳ್ಳುವ ಹಾಗಾಯಿತು. ಹೈಪರ್ ಅಂದರೆ ಥೈರಾಯ್ಡ್ ಹಾರ್ಮೋನ್ ಜಾಸ್ತಿ. ಥೈರಾಕ್ಸಿನ್ ಮಾತ್ರೆ ಕೊಡುವುದು ಹಾರ್ಮೋನ್ ಕಡಿಮೆ ಇದ್ದವರಿಗೆ. ಜಾಸ್ತಿ ಇರುವವಳಿಗೆ ಇನ್ನೂ ಸುರಿಯುತ್ತಾರಾ? ತೊಟ್ಟೆಯನ್ನು ಮಂಚದ ಮೇಲೆ ಸುರಿದು ಹುಡುಕಿದೆ. 9ನೇ ವಾರದ ಚೀಟಿಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಇದು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ) 0.06, ಪಕ್ಕದಲ್ಲಿ ‘ಹೈಪರ್?’ ಅಂತ, ಪ್ರಶ್ನೆ ಚಿಹ್ನೆ ಸಮೇತ. 24ನೇ ವಾರಕ್ಕೆ ಬೇರೆ ಕ್ಲಿನಿಕ್, ಟಿಎಸ್‌ಎಚ್ 3.6, ಅಲ್ಲಿಂದ 25ರ ಮಾತ್ರೆ. ತಾಯಿ ಕಾರ್ಡಿನಲ್ಲಿ ಸುಮ್ನೆ ‘ಥೈರಾಯ್ಡ್ ಇದೆ’. ಸಮ್ಮರಿ ಬರೆದವರು ಮೊದಲ ಚೀಟಿಯಿಂದ ಕಾಯಿಲೆಯ ಹೆಸರನ್ನೂ ಎರಡನೇ ಚೀಟಿಯಿಂದ ಮಾತ್ರೆಯನ್ನೂ ಎತ್ತಿಕೊಂಡಿದ್ದರು. ನಕಲು ಮಾಡುವಾಗ ಪ್ರಶ್ನೆ ಚಿಹ್ನೆ ಉದುರಿಹೋಗಿತ್ತು.

ಇಂಥ ತಪ್ಪು ಎರಡೂ ಕಡೆಗೆ ಆಗುತ್ತದೆ. ಕಾಯಿಲೆಯೇ ಇಲ್ಲದವಳಿಗೆ ಜೀವನವಿಡೀ ‘ಥೈರಾಯ್ಡ್ ಪೇಷಂಟ್’ ಅನ್ನುವ ಹಣೆಪಟ್ಟಿ ಬೀಳಬಹುದು. ನಿಜವಾಗಿ ಕಾಯಿಲೆ ಇರುವವಳಿಗೆ ‘ಅದು ಬಸುರಿಯಲ್ಲಿ ಬಂದದ್ದು, ಹೆರಿಗೆ ಆಯಿತಲ್ಲ’ ಅಂತ ಮಾತ್ರೆ ನಿಂತುಹೋಗಬಹುದು. ಎರಡನೆಯದು ಹೆಚ್ಚು ಅಪಾಯ. ಇಲ್ಲಿ ಹೇಳಹೊರಟಿರುವುದು ಚಿಕಿತ್ಸೆಯನ್ನಲ್ಲ, ಅದು ಡಾಕ್ಟರ ಕೆಲಸ. ಕಾಗದದಲ್ಲಿರುವುದು ನಿಮ್ಮ ಮೈಯಲ್ಲಿ ನಡೆದದ್ದಕ್ಕೆ ಹೊಂದುತ್ತದಾ ಅಂತ ನೋಡಿಕೊಳ್ಳುವ ಕ್ರಮ ಮಾತ್ರ.

ಹೆಜ್ಜೆ 1: ತೊಟ್ಟೆ ಖಾಲಿ ಮಾಡಿ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಹಾಗಾಗಿ ಮೊದಲ ಆರು ತಿಂಗಳ ಕಾಗದ ಬೆಂಗಳೂರಿನದ್ದೋ ಮುಂಬೈಯದ್ದೋ, ಕೊನೆಯ ಮೂರು ತಿಂಗಳದ್ದು ಮಂಗಳೂರಿನದ್ದು. ಕೆಲವು ಗಂಡನ ಮನೆಯ ಕಪಾಟಿನಲ್ಲಿ, ಕೆಲವು ಗಂಡನ ಮೊಬೈಲಿನಲ್ಲಿ. ಹೆರಿಗೆ ಮಾಡಿಸುವ ಡಾಕ್ಟರಿಗೆ ಕಾಣುವುದು ಅರ್ಧ ಕಥೆ. ಲೇಡಿಗೋಷನ್ನಿನಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಣಿಪಾಲಕ್ಕೆ ಹೋಗಿ, ಬೀದಿ ಕೊನೆಯ ನರ್ಸಿಂಗ್ ಹೋಮಿಗೆ ಹೋಗಿ, ಈ ಕಷ್ಟ ಒಂದೇ.

ಎಲ್ಲವನ್ನೂ ಒಂದೆಡೆ ಹರಡಿ, ತಾರೀಕಿನ ಪ್ರಕಾರ ಜೋಡಿಸಿ. ಪ್ರತಿ ರಿಪೋರ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಆಗ ಎಷ್ಟನೇ ವಾರ ಅಂತ ಬರೆಯಿರಿ. ಕೊನೆಯ ಮುಟ್ಟಿನ ದಿನದಿಂದ ಎಣಿಸಿದರೆ ಸಾಕು, ತಾಯಿ ಕಾರ್ಡಿನಲ್ಲಿ ಆ ದಿನ ಇರುತ್ತದೆ. ಥೈರಾಯ್ಡ್ ರಿಪೋರ್ಟಿಗೆ ವಾರ ಗೊತ್ತಿಲ್ಲದಿದ್ದರೆ ಅರ್ಧ ಬೆಲೆ. ನುಣುಪು ಕಾಗದದ ಬಿಸಿ ಪ್ರಿಂಟಿನ ಚೀಟಿಗಳಿದ್ದರೆ ಇವತ್ತೇ ಫೋಟೋ ತೆಗೆದಿಡಿ. ವರ್ಷದೊಳಗೆ ಅಕ್ಷರ ಮಾಯ.

ಹೆರಿಗೆಗೆ ಮುಂಚೆಯೇ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಕಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಅಲ್ಲಿಗೂ ಜೋಡಿಸಿದ ಫೈಲನ್ನೇ ಒಯ್ಯಿರಿ.

ಹೆಜ್ಜೆ 2: ಒಂದೇ ಹಾಳೆಯಲ್ಲಿ ಪಟ್ಟಿ

ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಆರು ಮನೆ ಎಳೆಯಿರಿ: ತಾರೀಕು, ವಾರ, ಟಿಎಸ್‌ಎಚ್, ಫ್ರೀ ಟಿ4 (ಗ್ರಂಥಿ ರಕ್ತಕ್ಕೆ ಬಿಡುವ ಥೈರಾಯ್ಡ್ ಹಾರ್ಮೋನ್), ಲ್ಯಾಬ್ ಕೊಟ್ಟ ನಾರ್ಮಲ್ ರೇಂಜ್, ಆ ದಿನ ತೆಗೆದುಕೊಳ್ಳುತ್ತಿದ್ದ ಮಾತ್ರೆ. ತಂಗಿಯ ಹಾಳೆಯಲ್ಲಿ ಒಂದು ಸಾಲು ಹೀಗಿತ್ತು: ‘9ನೇ ವಾರ, 0.06, ಫ್ರೀ ಟಿ4 ನಾರ್ಮಲ್, ರೇಂಜ್ 0.4ರಿಂದ 4.5, ಮಾತ್ರೆ ಇಲ್ಲ, ವಾಂತಿ ಜಾಸ್ತಿ.’ ಆ ಕೊನೆಯ ಎರಡು ಪದ ಯಾವ ಮನೆಗೂ ಸೇರಿದ್ದಲ್ಲ, ಅವಳೇ ಪಕ್ಕದಲ್ಲಿ ಗೀಚಿದ್ದು. ಗುಟ್ಟು ಇದ್ದದ್ದು ಅದರಲ್ಲೇ.

ಬಸುರಿಯ ಮೈಯಲ್ಲಿ ಎಚ್‌ಸಿಜಿ ಅನ್ನುವ ಹಾರ್ಮೋನ್ ಏರುತ್ತದೆ. ಮನೆಯಲ್ಲಿ ಮಾಡುವ ಪ್ರೆಗ್ನೆನ್ಸಿ ಟೆಸ್ಟ್ ಹಿಡಿಯುವುದು ಇದನ್ನೇ. ಇದರ ರಚನೆ ಟಿಎಸ್‌ಎಚ್ ಅನ್ನು ಹೋಲುತ್ತದೆ. ಹಾಗಾಗಿ ಥೈರಾಯ್ಡ್ ಗ್ರಂಥಿಗೂ ಒಂದಿಷ್ಟು ಚುರುಕು ಮುಟ್ಟಿಸುತ್ತದೆ. ಗ್ರಂಥಿ ಜಾಸ್ತಿ ಕೆಲಸ ಮಾಡಿದಾಗ ಮೆದುಳಿನ ಬುಡದ ಪಿಟ್ಯುಟರಿ ಟಿಎಸ್‌ಎಚ್ ಇಳಿಸುತ್ತದೆ. ಎಚ್‌ಸಿಜಿ ಅತಿ ಹೆಚ್ಚಿರುವುದು ಸುಮಾರು 8ರಿಂದ 11ನೇ ವಾರದಲ್ಲಿ. ಅವಳಿ ಇದ್ದರೆ, ವಾಂತಿ ವಿಪರೀತ ಇದ್ದರೆ ಟಿಎಸ್‌ಎಚ್ ಇನ್ನೂ ಕೆಳಗೆ ಹೋಗುತ್ತದೆ. ಆಮೇಲೆ ತಾನಾಗಿಯೇ ಮೇಲೆ ಬರುತ್ತದೆ. ಇದಕ್ಕೂ ಗ್ರೇವ್ಸ್ ಕಾಯಿಲೆಗೂ ಸಂಬಂಧವಿಲ್ಲ. ಗ್ರೇವ್ಸ್ ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ಕೆರಳಿಸುವುದು. ಅನುಮಾನ ಬಂದರೆ ಡಾಕ್ಟರು ಟಿಆರ್‌ಎಬಿ ಅನ್ನುವ ರಕ್ತಪರೀಕ್ಷೆ ಬರೆಯುತ್ತಾರೆ. ಅದು ಎಚ್‌ಸಿಜಿ ಆಟವೋ ಗ್ರೇವ್ಸೋ ಅಂತ ತೀರ್ಮಾನವಾಗದೆ ‘ಹೈಪರ್’ ಅಂತ ಬರೆದಿದ್ದರೆ ಆ ಪದ ಇನ್ನೂ ಪ್ರಶ್ನೆಯೇ.

ರೇಂಜಿನ ವಿಷಯಕ್ಕೆ ಬರೋಣ. ಲ್ಯಾಬ್ ಮುದ್ರಿಸುವ 0.4ರಿಂದ 4.5, ಅಥವಾ 0.5ರಿಂದ 5 ಅನ್ನುವುದು ಸಾಮಾನ್ಯವಾಗಿ ಬಸುರಿಯಲ್ಲದ ದೊಡ್ಡವರ ಲೆಕ್ಕ. ಬಸುರಿಯ ಲೆಕ್ಕವೇ ಬೇರೆ, ಅದೂ ಬದಲಾಗುತ್ತಾ ಬಂದಿದೆ. 2011ರಲ್ಲಿ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮೊದಲ ಮೂರು ತಿಂಗಳಿಗೆ 2.5, ನಂತರಕ್ಕೆ 3 ಅಂತ ಮೇಲ್ಮಿತಿ ಹೇಳಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯೂ ಅದನ್ನೇ ಹಿಡಿಯಿತು. 2017ರಲ್ಲಿ ಅಮೆರಿಕದವರು ತಮ್ಮ ಮಾತು ಸಡಿಲಿಸಿದರು: ಆಯಾ ಜನರ ಬಸುರಿಯರದ್ದೇ ಲೆಕ್ಕ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಮೊದಲ ತ್ರೈಮಾಸಿಕಕ್ಕೆ ಸುಮಾರು 4 ಇಟ್ಟುಕೊಳ್ಳಿ. ಅಂದರೆ ಟಿಎಸ್‌ಎಚ್ 3.6 ಇರುವ ಬಸುರಿ ಒಬ್ಬ ಡಾಕ್ಟರಿಗೆ ಹೈಪೋ (ಹಾರ್ಮೋನ್ ಕಡಿಮೆ), ಇನ್ನೊಬ್ಬರಿಗೆ ನಾರ್ಮಲ್. ಇಬ್ಬರೂ ತಪ್ಪಲ್ಲ! ಅದಕ್ಕೇ ‘ಹೈಪೋ’ ಅನ್ನುವ ಪದದ ಪಕ್ಕ ಅಂಕಿಯೂ ವಾರವೂ ಇರಲೇಬೇಕು ಅನ್ನುವುದು.

ಯೂನಿಟ್ ನೋಡಿ ಗಾಬರಿಯಾಗಬೇಡಿ. ಟಿಎಸ್‌ಎಚ್ ಅನ್ನು ಒಂದು ಲ್ಯಾಬ್ ಲೀಟರಿಗೆ ಮಿಲಿಯೂನಿಟ್ ಅನ್ನುತ್ತದೆ, ಇನ್ನೊಂದು ಮಿಲಿಲೀಟರಿಗೆ ಮೈಕ್ರೋಯೂನಿಟ್ ಅನ್ನುತ್ತದೆ. ಅಂಕಿ ಒಂದೇ. ಫ್ರೀ ಟಿ4 ಹಾಗಲ್ಲ. ಡೆಸಿಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ ಸುಮಾರು 12.9 ಪಿಕೋಮೋಲ್. ಲ್ಯಾಬ್ ಬದಲಾಯಿಸಿದಾಗ ‘1 ಇದ್ದದ್ದು 13 ಆಯಿತು’ ಅಂತ ಹೌಹಾರುವುದು ಇದರಿಂದ.

ಹೆಜ್ಜೆ 3: ಪದಗಳನ್ನು ಬಿಡಿಸಿ ಓದಿ

‘ಕೆ/ಸಿ/ಓ’ ಅಂದರೆ ಮೊದಲೇ ಗೊತ್ತಿದ್ದ ಕಾಯಿಲೆ. ಬಸುರಿಯಾದ ಮೇಲೆ ಮೊದಲ ಸಲ ಕಂಡದ್ದಕ್ಕೆ ಈ ಮಾತು ಹೊಂದುವುದಿಲ್ಲ. ಪ್ರಶ್ನೆ ಚಿಹ್ನೆ ಅಥವಾ ‘ಆರ್/ಓ’ ಇದ್ದರೆ ಅದು ಅನುಮಾನ, ಇನ್ನೂ ಪರೀಕ್ಷೆ ಬಾಕಿ. ‘ಸಬ್‌ಕ್ಲಿನಿಕಲ್ ಹೈಪೋ’ ಅಂದರೆ ಟಿಎಸ್‌ಎಚ್ ಮಾತ್ರ ಏರಿದೆ, ಟಿ4 ಸರಿ ಇದೆ. ‘ಓವರ್ಟ್’ ಅಂದರೆ ಟಿ4 ಕೂಡ ಇಳಿದಿದೆ. ‘ಆಂಟಿ ಟಿಪಿಓ ಪಾಸಿಟಿವ್’ ಅಂದರೆ ಗ್ರಂಥಿಯ ಮೇಲೆ ಮೈಯೇ ತಿರುಗಿಬೀಳುವ ಗುರುತು. ಅದೊಂದೇ ಇದ್ದು ಟಿಎಸ್‌ಎಚ್ ಸರಿ ಇದ್ದರೆ ಹೈಪೋ ಅನ್ನುವಂತಿಲ್ಲ. ಆದರೆ ಈ ಸಾಲು ಸಮ್ಮರಿಯಲ್ಲಿ ಇರಲೇಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. (‘ನಾವು ದಿನಾ ಮೀನು ತಿನ್ನುವವರು, ನಮಗೆಂತ ಥೈರಾಯ್ಡ್’ ಅನ್ನುವುದು ನಮ್ಮ ಅತ್ತೆಯ ವಾದ. ಅಯೋಡಿನ್ ಕೊರತೆಗೆ ಮೀನು ಸರಿ. ಮೈಯೇ ತಿರುಗಿಬಿದ್ದಾಗ ಬಂಗುಡೆಯೂ ಏನೂ ಮಾಡುವುದಿಲ್ಲ.)

ಕೆಲವು ಆಸ್ಪತ್ರೆಗಳ ಸಮ್ಮರಿಯಲ್ಲಿ, ವಿಮೆ ಕಾಗದದಲ್ಲಿ ಐಸಿಡಿ-10 ಅನ್ನುವ, ಕಾಯಿಲೆಗಳಿಗೆ ಕೊಡುವ ಅಂತರರಾಷ್ಟ್ರೀಯ ಕೋಡ್ ಇರುತ್ತದೆ. ‘ಓ 90.5’ ಅಂದರೆ ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ, ಅಷ್ಟು ಖಚಿತ. ಆದರೆ ‘ಓ 99.2’ ಅನ್ನುವುದು ದೊಡ್ಡ ಚೀಲ. ಬಸುರಿಯಲ್ಲಿ ಕಾಣುವ ಹಾರ್ಮೋನ್, ಪೌಷ್ಟಿಕಾಂಶ, ಚಯಾಪಚಯದ ತೊಂದರೆಗಳೆಲ್ಲ, ಸಕ್ಕರೆ ಕಾಯಿಲೆ ಬಿಟ್ಟು, ಅದರೊಳಗೆ. ಹೈಪೋ, ಹೈಪರ್ ಎರಡೂ ಅದೇ ಕೋಡ್.   ಬರೆದ ಕೋಡಿಗೂ ಕೊಟ್ಟ ಮಾತ್ರೆಗೂ ತಾಳೆ ಇದೆಯಾ ಅಂತ ನೋಡುವವರು ನಾವೇ.

ಹೆಜ್ಜೆ 4: ಡಿಸ್ಚಾರ್ಜ್ ದಿನ ಹತ್ತು ನಿಮಿಷ

ಅವತ್ತಿನ ಗಡಿಬಿಡಿ ಗೊತ್ತಲ್ಲ. ಒಬ್ಬರು ಬಿಲ್ಲಿಂಗ್ ಕೌಂಟರಿನಲ್ಲಿ, ಒಬ್ಬರು ಕಾರು ತರಲು, ಅಮ್ಮ ಬಿಸಿನೀರಿನ ಫ್ಲಾಸ್ಕ್ ಹುಡುಕುವುದರಲ್ಲಿ. ಸಮ್ಮರಿ ಬರೆಯುವವರು ಎಷ್ಟೋ ಸಲ ನಿಮ್ಮನ್ನು ಒಮ್ಮೆಯೂ ನೋಡದ ಡ್ಯೂಟಿ ಡಾಕ್ಟರ್. ಫೈಲಿನಲ್ಲಿ ಕಂಡದ್ದನ್ನು ಇಳಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅವರಿಗೆ ನಿಮ್ಮ ಆ ಒಂದು ಹಾಳೆ ಕೊಡಿ.

ಆದಷ್ಟು ಹಿಂದಿನ ದಿನವೇ ಸಿಸ್ಟರ್ ಹತ್ತಿರ ‘ಸಮ್ಮರಿ ಒಮ್ಮೆ ನೋಡಬಹುದಾ’ ಅಂತ ಕೇಳಿ. ಥೈರಾಯ್ಡ್ ಸಾಲಿನಲ್ಲಿ ಇವಿಷ್ಟು ಇರಬೇಕು: ಕಾಯಿಲೆಯ ಪೂರ್ತಿ ಹೆಸರು, ಬಸುರಿಗೆ ಮೊದಲೇ ಇತ್ತಾ ನಂತರ ಕಂಡದ್ದಾ, ಎಷ್ಟನೇ ವಾರ, ಆಗಿನ ಟಿಎಸ್‌ಎಚ್ ಮತ್ತು ಟಿ4, ಆಂಟಿ ಟಿಪಿಓ ಮಾಡಿದ್ದರೆ ಅದರ ಫಲಿತಾಂಶ, ಈಗಿನ ಮಾತ್ರೆ, ಹೆರಿಗೆಯ ನಂತರ ಅದನ್ನು ಏನು ಮಾಡಬೇಕು, ಮುಂದಿನ ಪರೀಕ್ಷೆ ಯಾವಾಗ.

ಕೊನೆಯ ಎರಡನ್ನು ಬಿಟ್ಟು ಬರುವವರೇ ಜಾಸ್ತಿ. ತಂಗಿಗೂ ಹಾಗೇ ಆಯಿತು. ‘ಮಾತ್ರೆ ಮುಂದುವರಿಸಿ’ ಅಂತ ಇತ್ತು, ಎಲ್ಲಿಯವರೆಗೆ ಅಂತ ಇರಲಿಲ್ಲ. ಸಾಮಾನ್ಯ ಕ್ರಮ ಹೀಗೆ: ಮೊದಲಿನಿಂದಲೂ ಹೈಪೋ ಇದ್ದವರಿಗೆ ಬಸುರಿಯಲ್ಲಿ ಡೋಸ್ ಕಾಲು ಭಾಗದಿಂದ ಅರ್ಧದಷ್ಟು ಏರಿಸಬೇಕಾಗುತ್ತದೆ. ಹೆರಿಗೆಯಾದ ಮೇಲೆ ಹಳೆಯ ಡೋಸಿಗೆ ಇಳಿಸುತ್ತಾರೆ. ಬಸುರಿಯಲ್ಲಿ ಸಣ್ಣ ಡೋಸ್ ಶುರು ಮಾಡಿದವರಲ್ಲಿ ಕೆಲವರಿಗೆ ಹೆರಿಗೆಯ ನಂತರ ನಿಲ್ಲಿಸಿ ನೋಡುತ್ತಾರೆ. ಎರಡಕ್ಕೂ ಸುಮಾರು 6 ವಾರಕ್ಕೆ ಟಿಎಸ್‌ಎಚ್ ಬೇಕು. ನಿಮ್ಮದು ಯಾವ ದಾರಿ ಅನ್ನುವುದನ್ನು ಡಾಕ್ಟರೇ ಬರೆಯಲಿ. ನೀವಾಗಿ ನಿಲ್ಲಿಸಬೇಡಿ.

ತಪ್ಪು ಕಂಡರೆ ಕೇಳುವ ಬಗೆಯೂ ಮುಖ್ಯ. ‘ನೀವು ತಪ್ಪು ಬರೆದಿದ್ದೀರಿ’ ಅಂದರೆ ಮುಖ ಗಂಟಾಗುತ್ತದೆ. ‘ಡಾಕ್ಟ್ರೇ, ಇಲ್ಲಿ ಹೈಪರ್ ಅಂತ ಉಂಟು, ಮಾತ್ರೆ ಥೈರಾಕ್ಸಿನ್ ಉಂಟು. ಒಮ್ಮೆ ನೋಡ್ತೀರಾ?’ ಅಂದರೆ ಸಾಕು. ಎರಡು ನಿಮಿಷದಲ್ಲಿ ಹೊಸ ಪ್ರಿಂಟ್ ಬರುತ್ತದೆ. ಅದೇ ಮಾತು ನಾಲ್ಕು ತಿಂಗಳ ನಂತರ ಕೇಳಿದರೆ ಅರ್ಜಿ, ಸಹಿ, ಇನ್ನೊಂದು ದಿನ ಬನ್ನಿ.

ಮಗುವಿನ ಕಾಗದವನ್ನೂ ಆಗಲೇ ನೋಡಿ. ತಾಯಿಗೆ ಗ್ರೇವ್ಸ್ ಇದ್ದರೆ, ಹಿಂದೆ ಇದ್ದು ವಾಸಿಯಾಗಿದ್ದರೂ, ಗ್ರಂಥಿಯನ್ನು ಕೆರಳಿಸುವ ಆಂಟಿಬಾಡಿ ಮಗುವಿಗೆ ದಾಟಬಹುದು. ಮಕ್ಕಳ ಡಾಕ್ಟರಿಗೆ ಅದು ಗೊತ್ತಿರಬೇಕು. ಅಲ್ಲೂ ‘ತಾಯಿಗೆ ಥೈರಾಯ್ಡ್’ ಅಂದರೆ ಪ್ರಯೋಜನವಿಲ್ಲ, ಯಾವುದು ಅಂತ ಬೇಕು. ಮಗುವಿನ ಹಿಮ್ಮಡಿಯಿಂದ ಟಿಎಸ್‌ಎಚ್‌ಗೆ ರಕ್ತ ತೆಗೆದಿದ್ದರೆ ಆ ರಿಪೋರ್ಟ್ ಕೇಳಿ ಪಡೆಯಿರಿ.

ಹೆಜ್ಜೆ 5: ಬಾಣಂತನದಲ್ಲಿ ಮರೆಯಬಾರದ ವರ್ಷ

40 ದಿನ ಬಾಣಂತಿ ಹೊರಗೆ ಕಾಲಿಡುವ ಹಾಗಿಲ್ಲ ಅನ್ನುವ ಮನೆಗಳಿವೆ. 6 ವಾರ ಅಂದರೆ 42 ದಿನ. ಅಜ್ಜಿಯ ಮಾತೂ ಉಳಿಯಿತು, ಪರೀಕ್ಷೆಯೂ ಆಯಿತು. ಮಗುವಿನ 6 ವಾರದ ಲಸಿಕೆಗೆ ಹೋಗುವ ದಿನವೇ ರಕ್ತ ಕೊಟ್ಟು ಬನ್ನಿ.

ಆದರೆ ಆ ಒಂದು ಪರೀಕ್ಷೆಗೆ ಮುಗಿಯುವುದಿಲ್ಲ. ಹೆರಿಗೆಯಾದ ಒಂದು ವರ್ಷದೊಳಗೆ ಬರುವ ಥೈರಾಯ್ಡ್ ಉರಿಯೂತ ಒಂದಿದೆ. ಸುಮಾರು 20 ಬಾಣಂತಿಯರಲ್ಲಿ ಒಬ್ಬರಿಗೆ ಬರುತ್ತದೆ. ಆಂಟಿ ಟಿಪಿಓ ಪಾಸಿಟಿವ್ ಇದ್ದವರಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಮಂದಿಗೆ. ಆ ಸಾಲು ಸಮ್ಮರಿಯಲ್ಲಿ ಇರಲಿ ಅಂದದ್ದು ಇದಕ್ಕೇ. ಮೊದಲು ಕೆಲವು ತಿಂಗಳು ಹಾರ್ಮೋನ್ ಸೋರಿ ಜಾಸ್ತಿಯಾಗುತ್ತದೆ: ಎದೆ ಡವಡವ, ಬೆವರು, ಸಿಡುಕು. ಆಮೇಲೆ ಗ್ರಂಥಿ ಬಳಲಿ ಕಡಿಮೆಯಾಗುತ್ತದೆ: ಸುಸ್ತು, ಚಳಿ, ಮಂಕು. ಹೆಚ್ಚಿನವರಿಗೆ ವರ್ಷದೊಳಗೆ ಸರಿಹೋಗುತ್ತದೆ, ಕೆಲವರಿಗೆ ಹೈಪೋ ಕಾಯಂ ಆಗಿ ಉಳಿಯುತ್ತದೆ. ಎಲ್ಲರಿಗೂ ಎರಡೂ ಹಂತ ಬರಲೇಬೇಕೆಂದಿಲ್ಲ.

ತೊಡಕು ಏನೆಂದರೆ ಈ ಲಕ್ಷಣಗಳೆಲ್ಲ ‘ಬಾಣಂತಿ ಅಲ್ವಾ, ನಿದ್ದೆ ಇಲ್ಲ’ ಅನ್ನುವುದರಲ್ಲಿ ಮುಚ್ಚಿಹೋಗುತ್ತವೆ. ಕಂಡರೂ ಯಾವ ಹಂತದಲ್ಲಿ ರಕ್ತ ತೆಗೆದರು ಅನ್ನುವುದರ ಮೇಲೆ ಹೆಸರು ಬದಲು. ಮೂರನೇ ತಿಂಗಳಿಗೆ ಹೋದರೆ ‘ಹೈಪರ್’, ಏಳನೇ ತಿಂಗಳಿಗೆ ಹೋದರೆ ‘ಹೈಪೋ’. ಕಾಯಿಲೆ ಮಾತ್ರ ಒಂದೇ. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ‘ಹೆರಿಗೆಯಾಗಿ ಇಷ್ಟು ತಿಂಗಳು’ ಅಂತ ಮೊದಲು ಹೇಳಿ. ಮೊಲೆಯೂಡಿಸುತ್ತಿದ್ದೀರಿ ಅನ್ನುವುದನ್ನೂ ಹೇಳಿ. ಕೆಲವು ಥೈರಾಯ್ಡ್ ಸ್ಕ್ಯಾನಿಗೆ ವಿಕಿರಣ ಇರುವ ಔಷಧ ಕೊಡುತ್ತಾರೆ.

ಈಗ ತಂಗಿಯ ಬಾಣಂತನದ ನಾಲ್ಕನೇ ತಿಂಗಳಿಗೆ ಬರೋಣ. ಕೂದಲು ಬಾಚಣಿಗೆ ತುಂಬ ಬರುತ್ತಿತ್ತು. ಬಾತ್‌ರೂಮಿನ ಜಾಲರಿಯಲ್ಲಿ ಸಿಕ್ಕಿದ್ದನ್ನು ಬೆರಳಿಗೆ ಸುತ್ತಿ ತಂದು ‘ಅಕ್ಕ, ಇದು ನೋಡು’ ಅಂತ ತೋರಿಸಿದಳು. ಥೈರಾಯ್ಡೇ ಇರಬೇಕು ಅಂತ ರಕ್ತ ಕೊಟ್ಟೆವು. ಟಿಎಸ್‌ಎಚ್ ತೀರಾ ಕಡಿಮೆ, ಫ್ರೀ ಟಿ4 ಜಾಸ್ತಿ. ಹಳೆಯ ಸಮ್ಮರಿಯಲ್ಲೂ ‘ಹೈಪರ್’ ಇದೆಯಲ್ಲ, ಎಲ್ಲ ಕೂಡಿಬಂದ ಹಾಗೆ ಕಂಡಿತು. ಮಾತ್ರೆ ಬರೆಯುವ ಮೊದಲು ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: ‘ಕೂದಲಿಗೆ ಏನಾದರೂ ತೆಗೆದುಕೊಳ್ಳುತ್ತೀರಾ?’

ತೆಗೆದುಕೊಳ್ಳುತ್ತಿದ್ದಳು. ಬಯೋಟಿನ್ ಅನ್ನುವ ವಿಟಮಿನ್, 10 ಮಿಲಿಗ್ರಾಂ, ದಿನಕ್ಕೊಂದು. ಆನ್‌ಲೈನಿನಲ್ಲಿ ತರಿಸಿದ್ದು. ಅನೇಕ ಲ್ಯಾಬ್ ಯಂತ್ರಗಳು ಬಯೋಟಿನ್ ಅಂಟುವ ಗುಣವನ್ನೇ ಬಳಸಿ ಹಾರ್ಮೋನ್ ಅಳೆಯುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅಂಥ ಯಂತ್ರ ಟಿಎಸ್‌ಎಚ್ ಅನ್ನು ಕಡಿಮೆ, ಟಿ4 ಅನ್ನು ಜಾಸ್ತಿ ತೋರಿಸುತ್ತದೆ. ಥೇಟ್ ಹೈಪರ್! ಕನಿಷ್ಠ ಎರಡು ದಿನ ನಿಲ್ಲಿಸಿ ರಕ್ತ ಕೊಡಿ ಅನ್ನುವುದು ಸಾಮಾನ್ಯ ಸಲಹೆ, ಇವಳಿಗೆ ಒಂದು ವಾರ ನಿಲ್ಲಿಸಲು ಹೇಳಿದರು. ಆಮೇಲೆ ಬಂದ ಟಿಎಸ್‌ಎಚ್ 2.4. ಹೆರಿಗೆಯ ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುವುದು ಥೈರಾಯ್ಡ್ ಇಲ್ಲದವರಿಗೂ ಇದ್ದದ್ದೇ ಅಂತ ಅವತ್ತೇ ಗೊತ್ತಾಯಿತು.

ಪಟ್ಟಿಯ ಮಾತ್ರೆ ಮನೆಯಲ್ಲಿ ಅದಕ್ಕೇ ಎಲ್ಲವನ್ನೂ ಬರೆಯಿರಿ, ಕೂದಲಿನ ಗುಳಿಗೆಯನ್ನೂ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಯಾವ ಹೊತ್ತಿಗೆ ಅಂತಲೂ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂಗೆ 4 ಗಂಟೆ ಅಂತರ. ಮೂರನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಮೈಗೆ ಹಿಡಿಯುವುದಿಲ್ಲ. ಟಿಎಸ್‌ಎಚ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ, ಫೈಲಿನಲ್ಲಿ ಕಾಯಿಲೆ ‘ಜೋರಾಗಿದೆ’ ಅಂತ ಆಗುತ್ತದೆ.

ಹೆಜ್ಜೆ 6: ಆಗಲೇ ತಪ್ಪು ಬರೆದಾಗಿದ್ದರೆ

ಸಮ್ಮರಿಯ ಮೇಲೆ ನೀವೇ ಪೆನ್ನಿನಿಂದ ತಿದ್ದಬೇಡಿ. ವೈಟ್ನರ್ ಅಂತೂ ಬೇಡವೇ ಬೇಡ, ಆ ಕಾಗದ ಆಮೇಲೆ ಯಾವ ಕೆಲಸಕ್ಕೂ ಬಾರದು.

ಹೆರಿಗೆಯಾದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆಯಿರಿ. ಆಸ್ಪತ್ರೆ ನಂಬರ್, ದಾಖಲಾದ ತಾರೀಕು, ಯಾವ ಸಾಲು, ಅದು ಯಾಕೆ ಹೊಂದುವುದಿಲ್ಲ. ಜೊತೆಗೆ ನಿಮ್ಮ ಪಟ್ಟಿ, ಮೂಲ ರಿಪೋರ್ಟುಗಳ ಜೆರಾಕ್ಸ್. ಅರ್ಜಿಯ ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಂತೆ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ಅಂದರೆ ಎರಡನೇ ಮಗುವಿನ ಹೊತ್ತಿಗೆ ಕೇಳೋಣ ಅಂತ ಕೂತರೆ ಸಿಗದೆಯೂ ಹೋಗಬಹುದು.

ಹಳೆಯ ಸಮ್ಮರಿಯನ್ನು ಅಳಿಸಿ ಎಂದು ಪಟ್ಟು ಹಿಡಿಯಬೇಡಿ. ತಾರೀಕು, ಸಹಿ ಇರುವ ತಿದ್ದುಪಡಿ ಸೇರಿಸಿಕೊಟ್ಟರೆ ಅದೇ ಗಟ್ಟಿ. ಆಭಾ ಸಂಖ್ಯೆಗೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಕಾಗದಗಳನ್ನು ಜೋಡಿಸಿಕೊಂಡಿದ್ದರೆ ಹಳೆಯದರ ಜೊತೆ ಹೊಸದನ್ನೂ ಸೇರಿಸಿ. ಆರೋಗ್ಯ ವಿಮೆಯ ಫಾರಂ ತುಂಬುವಾಗ ‘ಥೈರಾಯ್ಡ್ ಇದೆಯಾ’ ಅನ್ನುವ ಪ್ರಶ್ನೆಗೆ ಮುಚ್ಚಿಡುವುದೂ ಬೇಡ, ಇಲ್ಲದ್ದನ್ನು ಒಪ್ಪಿಕೊಳ್ಳುವುದೂ ಬೇಡ. ತಿದ್ದುಪಡಿಯ ಜೆರಾಕ್ಸ್ ಲಗತ್ತಿಸಿ.

ತಂಗಿಯ ತಿದ್ದುಪಡಿಯಲ್ಲಿ ಈಗ ಇರುವುದು ಇಷ್ಟು: ‘9ನೇ ವಾರ ಟಿಎಸ್‌ಎಚ್ ತಾತ್ಕಾಲಿಕ ಇಳಿಕೆ, ಫ್ರೀ ಟಿ4 ನಾರ್ಮಲ್, ವಾಂತಿ ಇತ್ತು. 24ನೇ ವಾರ ಟಿಎಸ್‌ಎಚ್ 3.6, ಥೈರಾಕ್ಸಿನ್ 25 ಶುರು. ಹೈಪರ್‌ಥೈರಾಯ್ಡಿಸಂ ಇಲ್ಲ.’ ಮಾತ್ರೆ ಡಾಕ್ಟರೇ ನಿಲ್ಲಿಸಿದರು. ನಿಲ್ಲಿಸಿ 6 ವಾರಕ್ಕೆ ಒಮ್ಮೆ, ಮಗುವಿನ ವರ್ಷದ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ಟಿಎಸ್‌ಎಚ್ ನೋಡಿದರು, ಎರಡೂ ಸರಿ ಇತ್ತು. ಮುಂದಿನ ಸಲ ಬಸುರಿಯಾದರೆ ಮೊದಲ ಭೇಟಿಯಲ್ಲೇ ಟಿಎಸ್‌ಎಚ್ ಜೊತೆ ಆಂಟಿ ಟಿಪಿಓ ಕೂಡ ಮಾಡಿಸಿ ಅಂದಿದ್ದಾರೆ.

ಕೊನೆಗೊಂದು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವಾಗ ತೊಟ್ಟಿಲು, ಬೇಬಿ ಸೋಪು, ಲೇಹದ ಬಾಟಲಿ ಎಲ್ಲ ಕಾರಿಗೇರುತ್ತದೆ, ಫೈಲ್ ಮಾತ್ರ ತವರಲ್ಲಿ ಉಳಿಯುತ್ತದೆ. ನಮ್ಮಲ್ಲೂ ಉಳಿದಿದೆ. ಇಷ್ಟೆಲ್ಲ ಬರೆದ ಮೇಲೆ ಎದ್ದು ನೋಡಿದೆ, ಅಮ್ಮನ ಗೋದ್ರೇಜಿನಲ್ಲಿ ಸೀರೆಗಳ ಕೆಳಗೆ, ಅದೇ ತೊಟ್ಟೆಯಲ್ಲಿ. ನಾಳೆ ಕೊರಿಯರ್ ಮಾಡಬೇಕು.